ಮೊದಲು ಬುಡ ಮಗುಚಿ ನೋಡಿ: ಯುರೋಪಿನ ಹಳೆಯ ಗಾಜು, ಪಿಂಗಾಣಿ ಸಂಗ್ರಹಿಸಲು ಹೊರಟವರಿಗೆ

ಕೆಲಸಕ್ಕೋ ಓದಿಗೋ ಜರ್ಮನಿ, ಸ್ವೀಡನ್, ಇಂಗ್ಲೆಂಡ್ ಕಡೆ ಹೋದ ನಮ್ಮವರು ಒಂದಲ್ಲ ಒಂದು ಭಾನುವಾರ ಹಳೆ ಸಾಮಾನಿನ ಸಂತೆಗೆ ಕಾಲಿಡುತ್ತಾರೆ. ಮಡಚುವ ಮೇಜುಗಳ ಮೇಲೆ ಕಿತ್ತಳೆ ಬಣ್ಣದ ಹೂದಾನಿ, ನೀಲಿ ಚಿತ್ತಾರದ ತಟ್ಟೆ, ಕೈಗೆ ಭಾರವಾಗುವ ಗಾಜಿನ ಬಟ್ಟಲು. ಬೆಲೆ ಕೇಳಿದರೆ ಒಂದು ಊಟದಷ್ಟೂ ಇಲ್ಲ. ಕೊಂಡು ಮನೆಗೆ ತಂದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ: ಮಾಡಿದವರು ಯಾರು, ಯಾವಾಗಿನದು, ಕೊಟ್ಟ ದುಡ್ಡಿಗೆ ಸರಿಹೋಯಿತೇ? ಇವನ್ನು ಮೇಜಿನ ಮುಂದೆ ನಿಂತಾಗಲೇ ಕೇಳಿಕೊಳ್ಳುವುದು ಹೇಗೆಂದು ಇಲ್ಲಿ ಹೇಳುತ್ತೇನೆ.

ಒಂದು ಗಡಿ ಹಾಕಿಕೊಳ್ಳೋಣ. ಇಲ್ಲಿನ ಮಾತೆಲ್ಲ ಹೆಚ್ಚಾಗಿ ಎರಡನೇ ಮಹಾಯುದ್ಧದ ನಂತರದ ಮೂರು ದಶಕಗಳ ವಸ್ತುಗಳ ಬಗ್ಗೆ. ಜರ್ಮನಿಯ ಮೈಸೆನ್ ಪಿಂಗಾಣಿ, ಫ್ರಾನ್ಸಿನ ಎಮಿಲ್ ಗಾಲೆಯ ಗಾಜು, ಅಲ್ಲಿನದೇ ಲಾಲಿಕ್ ಗಾಜು ಇವೆಲ್ಲ ಬೇರೆಯೇ ಲೋಕ. 1710ರಲ್ಲಿ ಶುರುವಾದ ಮೈಸೆನ್ ಕಾರ್ಖಾನೆಯ ಅಡ್ಡಕತ್ತಿಗಳ ಗುರುತನ್ನು ನಕಲು ಮಾಡದವರೇ ಇಲ್ಲ ಎನ್ನಬಹುದು. ಹೊಸಬರು ಅತ್ತ ಸದ್ಯಕ್ಕೆ ಹೋಗದಿರುವುದೇ ಲೇಸು.

ಹೆಜ್ಜೆ 1: ಒಂದು ಮೂಲೆ ಹಿಡಿಯಿರಿ

ಕಂಡದ್ದೆಲ್ಲ ಕೊಂಡರೆ ಆರು ತಿಂಗಳಲ್ಲಿ ಅಟ್ಟ ತುಂಬುತ್ತದೆ, ತಿಳಿವಳಿಕೆ ಮಾತ್ರ ಇದ್ದಲ್ಲೇ ಇರುತ್ತದೆ. ಒಂದು ದೇಶ, ಒಂದು ಕಾಲ, ಸಾಧ್ಯವಾದರೆ ಒಂದೇ ಬಗೆಯ ವಸ್ತು ಆರಿಸಿಕೊಳ್ಳಿ.

ನನ್ನನ್ನು ಕೇಳಿದರೆ ಹೊಸಬರಿಗೆ ಅತ್ಯುತ್ತಮ ಮೂಲೆ ಜೆಕೊಸ್ಲೊವಾಕಿಯಾದ ಅಚ್ಚುಗಾಜು, ಅಂದರೆ ಅಚ್ಚಿನಲ್ಲಿ ಒತ್ತಿ ತೆಗೆದ ಗಾಜು. 1945ರಲ್ಲೇ ಶುರುವಾದ ರಾಷ್ಟ್ರೀಕರಣ 1948ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ಮೇಲೆ ಮುಗಿದು, ಅಲ್ಲಿನ ಗಾಜಿನ ಕಾರ್ಖಾನೆಗಳೆಲ್ಲ ಸರ್ಕಾರದ್ದಾದವು. ಚಿತ್ರಕಲೆ, ಶಿಲ್ಪಗಳ ಮೇಲೆ ಆಳುವವರ ಕಣ್ಣು ಸದಾ ಇತ್ತು. ಗಾಜನ್ನು ಮಾತ್ರ ಅವರು ಬರೀ ಬಳಕೆಯ ಸಾಮಾನೆಂದು ತಿಳಿದರು. ಹಾಗಾಗಿ ಕ್ಯಾನ್ವಾಸಿನ ಮೇಲೆ ಬಿಡಿಸಿದ್ದರೆ ವಿವರಣೆ ಕೊಡಬೇಕಾಗುತ್ತಿದ್ದ ಅಮೂರ್ತ ಆಕಾರಗಳನ್ನು ಕಲಾವಿದರು ಗಾಜಿನಲ್ಲಿ ನಿರಾತಂಕವಾಗಿ ಮಾಡಿದರು. 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಆ ಗಾಜನ್ನು ಕಂಡು ಪಶ್ಚಿಮದವರು ಬೆರಗಾದರು. 1965ರಲ್ಲಿ ಹಲವು ಕಾರ್ಖಾನೆಗಳು ಸೇರಿ ಸ್ಕ್ಲೊ ಯೂನಿಯನ್ ಎಂಬ ಒಂದೇ ಸರ್ಕಾರಿ ಸಂಸ್ಥೆಯಾಯಿತು. ಯಂತ್ರದಲ್ಲಿ ಒತ್ತಿ ತೆಗೆಯುವ ಅಗ್ಗದ ಹೂದಾನಿ, ಬೂದಿಬಟ್ಟಲುಗಳಿಗೂ ಅಲ್ಲಿ ನುರಿತ ವಿನ್ಯಾಸಕಾರರೇ ರೂಪ ಕೊಡುತ್ತಿದ್ದರು: ಫ್ರಾಂಟಿಶೆಕ್ ವೀಜ್ನರ್, ರುಡೊಲ್ಫ್ ಯೂರ್ನಿಕ್ಲ್, ಅಡೊಲ್ಫ್ ಮಾಟುರಾ. ವೀಜ್ನರ್ ಮುಂದೆ ಕೈಯಿಂದ ಕೊರೆದು ಮಾಡಿದ ಬಟ್ಟಲುಗಳು ದೊಡ್ಡ ದೊಡ್ಡ ಮ್ಯೂಸಿಯಂಗಳಿಗೆ ಹೋದವು. ಅದೇ ಮನುಷ್ಯ ರೂಪಿಸಿದ ಅಚ್ಚುಗಾಜಿನ ಹೂದಾನಿ ಇವತ್ತಿಗೂ ಸಂತೆಯ ಮೇಜಿನ ಮೇಲೆ ಸಿಗುತ್ತದೆ. ಕಾರಣ ಸರಳ: ಇವುಗಳ ಬುಡದಲ್ಲಿ ಹೆಸರಿಲ್ಲ. ಕಾಗದದ ಚೀಟಿ ಅಂಟಿಸುತ್ತಿದ್ದರು, ಅದು ಎಂದೋ ಉದುರಿಹೋಗಿರುತ್ತದೆ. ಆಕಾರ, ಬಣ್ಣ, ಎತ್ತರ ನೋಡಿಯೇ ಗುರುತಿಸಬೇಕು. ಮಾರುವವರಿಗೆ ಗೊತ್ತಿಲ್ಲದ್ದು ಕೊಳ್ಳುವವರಿಗೆ ಗೊತ್ತಿದ್ದರೆ ಲಾಭ ಯಾರಿಗೆಂದು ಹೇಳಬೇಕಿಲ್ಲ.

ಅಂದಹಾಗೆ, ಮುಂದೆ ಜೆಕೊಸ್ಲೊವಾಕಿಯಾಕ್ಕೆ ಸೇರಿದ ಬೊಹೀಮಿಯಾ ಪ್ರಾಂತದ ಗಾಜಿಗೂ ನಮಗೂ ಹಳೆಯ ನಂಟಿದೆ. ಮೊದಲ ಮಹಾಯುದ್ಧಕ್ಕೂ ಮುಂಚೆ ಭಾರತಕ್ಕೆ ಹಡಗಿನಲ್ಲಿ ಬರುತ್ತಿದ್ದ ಗಾಜಿನ ಬಳೆ, ಮಣಿಗಳಲ್ಲಿ ಗಣನೀಯ ಪಾಲು ಅಲ್ಲಿನ ಯಾಬ್ಲೊನೆಟ್ಸ್ ಪಟ್ಟಣದ ಸುತ್ತಮುತ್ತಲಿನದು. ಆ ಪಟ್ಟಣದಲ್ಲಿ ಈಗ ಗಾಜು ಮತ್ತು ಆಭರಣಗಳ ಮ್ಯೂಸಿಯಂ ಇದೆ.

ಎರಡನೆಯದು ಪಶ್ಚಿಮ ಜರ್ಮನಿಯ ಸೆರಾಮಿಕ್. 1960–70ರ ದಶಕಗಳಲ್ಲಿ ಶಾಯ್‌ರಿಶ್, ಕಾರ್ಸ್ಟೆನ್ಸ್, ರೂಶಾ ಮುಂತಾದ ಕಾರ್ಖಾನೆಗಳು ರಾಶಿರಾಶಿಯಾಗಿ ಮಾಡಿದ ಕೆಂಪು, ಕಿತ್ತಳೆ, ಕಂದು ಬಣ್ಣದ ಹೂದಾನಿಗಳು. ಕೆಲವುಗಳ ಮೈಮೇಲೆ ದಪ್ಪನೆಯ, ಕುಳಿ ಬಿದ್ದ ಕಪ್ಪು ಮೆರುಗು (ಗ್ಲೇಜ್) ಇರುತ್ತದೆ. ಮೆರುಗಿನಲ್ಲಿ ಸಿಲಿಕಾನ್ ಕಾರ್ಬೈಡ್ ಬೆರೆಸಿದರೆ ಗೂಡಿನ ಶಾಖಕ್ಕೆ ಅನಿಲ ಹುಟ್ಟಿ, ಮೆರುಗು ಉಬ್ಬಿ ಒಡೆದು ಹಾಗಾಗುತ್ತದೆ. ಇದನ್ನು ‘ಫ್ಯಾಟ್ ಲಾವಾ’ ಎಂದು ಸಂಗ್ರಾಹಕರು ಕರೆಯುತ್ತಾರೆ. ಇದು ಎಲ್ಲರಿಗೂ ಹಿಡಿಸುವ ರುಚಿಯಲ್ಲ, ಅದಿರಲಿ. ಕಲಿಯಲು ಮಾತ್ರ ಬಲು ಸುಲಭ, ಬುಡದಲ್ಲೇ ಅಂಕಿ ಇರುತ್ತದೆ.

ಸ್ವೀಡನ್, ಫಿನ್‌ಲ್ಯಾಂಡ್, ಡೆನ್ಮಾರ್ಕ್ ಗಾಜು ಇನ್ನೊಂದು ಮೂಲೆ: ಓರೆಫೋರ್ಸ್, 1742ರಷ್ಟು ಹಿಂದಿನ ಕೋಸ್ಟಾ, ಈಟ್ಟಾಲಾ, ಹೋಲ್ಮೆಗೋರ್ ಕಾರ್ಖಾನೆಗಳದ್ದು. ಇಲ್ಲಿ ಕೆತ್ತಿದ ಸಹಿ ಸಿಗುವುದು ಹೆಚ್ಚು, ಅದಕ್ಕೇ ಬೆಲೆಯೂ ಹೆಚ್ಚು. ಇಂಗ್ಲೆಂಡಿನಲ್ಲಿರುವವರು ವೈಟ್‌ಫ್ರಯರ್ಸ್ ಕಾರ್ಖಾನೆಯ ಗಾಜು ನೋಡಬಹುದು. ಅದರ ವಿನ್ಯಾಸಕಾರ ಜೆಫ್ರಿ ಬ್ಯಾಕ್ಸ್ಟರ್ ಮರದ ತೊಗಟೆ, ಮೊಳೆಗಳನ್ನೆಲ್ಲ ಅಚ್ಚಿಗೆ ಬಳಸಿ 1967ರಲ್ಲಿ ತಂದ ಒರಟು ಮೈಯ ಹೂದಾನಿಗಳು ಇಂದು ದುಬಾರಿ. ಕಾರ್ಖಾನೆ 1980ರಲ್ಲಿ ಮುಚ್ಚಿತು, ನಕಲುಗಳ ತಯಾರಿ ಮುಚ್ಚಲಿಲ್ಲ.

ಡೆನ್ಮಾರ್ಕಿನ ನೀಲಿ ಕ್ರಿಸ್‌ಮಸ್ ತಟ್ಟೆಗಳನ್ನು ಹೂಡಿಕೆ ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ. ಬಿಂಗ್ ಅಂಡ್ ಗ್ರೋನ್‌ಡಾಲ್ 1895ರಿಂದ, ರಾಯಲ್ ಕೋಪನ್‌ಹೇಗನ್ 1908ರಿಂದ ವರ್ಷಕ್ಕೊಂದರಂತೆ ಇವನ್ನು ತಂದಿವೆ. 1970ರ ದಶಕದವು ಎಲ್ಲೆಲ್ಲೂ ಬಿದ್ದಿವೆ. ಮಗಳು ಹುಟ್ಟಿದ ವರ್ಷದ್ದೊಂದು ತಟ್ಟೆ ಬೇಕೆಂದರೆ ಸಂತೋಷವಾಗಿ ಕೊಳ್ಳಿ.

ಇಟಲಿಯ ವೆನಿಸ್ ಪಕ್ಕದ ದ್ವೀಪ ಮುರಾನೊದ ಗಾಜಿನ ಮೋಹ ಎಲ್ಲರಿಗೂ ಬರುತ್ತದೆ. ಒಂದೆರಡು ವರ್ಷ ತಡೆಯಿರಿ. ಹಳೆಯ ಮುರಾನೊ ಬಹಳಷ್ಟಕ್ಕೆ ಸಹಿ ಇಲ್ಲ, ಚೀಟಿಯನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಬಹುದು, ಚೀನಾದಲ್ಲಿ ಮಾಡಿದ್ದು ‘ಮುರಾನೊ ಶೈಲಿ’ ಎಂಬ ಹೆಸರಲ್ಲಿ ಬರುತ್ತದೆ. ‘ಶೈಲಿ’ ಎಂಬ ಮಾತು ಕಂಡರೆ ಅದು ಮುರಾನೊ ಅಲ್ಲ ಎಂದೇ ಓದಿಕೊಳ್ಳಿ.

ಹೆಜ್ಜೆ 2: ಕೈಗೆ ಕಲಿಸಿ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಜರ್ಮನಿಯ ಪಾಸಾವ್‌ನ ಗಾಜಿನ ಮ್ಯೂಸಿಯಂ, ಫಿನ್‌ಲ್ಯಾಂಡಿನ ರೀಹಿಮ್ಯಾಕಿಯ ಗಾಜಿನ ಮ್ಯೂಸಿಯಂ ನೋಡಲೇಬೇಕಾದವು. ಆದರೆ ಕಪಾಟಿನೊಳಗಿನ ವಸ್ತುವಿನ ತೂಕ ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೆ ಹರಾಜು ಮನೆಗಳಿಗೆ ಹೋಗಿ. ಹರಾಜಿಗೆ ಮುಂಚಿನ ಒಂದೆರಡು ದಿನ ವಸ್ತುಗಳನ್ನು ಸಾರ್ವಜನಿಕರಿಗೆ ತೋರಿಸುತ್ತಾರೆ. ಕೇಳಿದರೆ ಕೈಗೂ ಕೊಡುತ್ತಾರೆ, ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಒಳ್ಳೆಯ ವಸ್ತುವನ್ನು ಹತ್ತು ಸಲ ಹಿಡಿದ ಕೈಗೆ ಹನ್ನೊಂದನೆಯದರಲ್ಲಿ ತಪ್ಪಿದ್ದರೆ ತಾನಾಗಿ ಅನುಮಾನ ಬರುತ್ತದೆ.

ಜೇಬಿನಲ್ಲಿರಬೇಕಾದ ಸಾಮಾನು ಹೆಚ್ಚಿಲ್ಲ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಳತೆ ಟೇಪು, ಒದ್ದೆ ಬಟ್ಟೆ, ಒಂದು ಯುವಿ ಟಾರ್ಚು.

ಹೆಜ್ಜೆ 3: ಬುಡ ಓದಿ

ಮುಂದಿನ ಭಾಗ ಮಾರುವವನು ತೋರಿಸುವುದು. ಬುಡ ನೀವು ನೋಡಬೇಕಾದ್ದು. ಕೇಳಿಯೇ ಎತ್ತಿ, ಎರಡೂ ಕೈ ಬಳಸಿ, ಮುಚ್ಚಳವಿದ್ದರೆ ಮೊದಲು ಅದನ್ನು ತೆಗೆದಿಟ್ಟು ಮಗುಚಿ.

ಮೊದಲಿಗೆ ದೇಶದ ಹೆಸರು ಹುಡುಕಿ. ದೇಶಗಳು ಹುಟ್ಟಿ ಅಳಿದ ಇಸವಿಗಳು ನಮಗೆ ಗೊತ್ತಿರುವುದರಿಂದ ಇದಕ್ಕಿಂತ ಸುಲಭದ ಸಾಕ್ಷಿ ಬೇರೊಂದಿಲ್ಲ. ‘ಡಬ್ಲ್ಯೂ. ಜರ್ಮನಿ’ (ಪಶ್ಚಿಮ ಜರ್ಮನಿ) ಎಂದಿದ್ದರೆ 1949ರಿಂದ 1990ರೊಳಗಿನದು. ‘ಯು.ಎಸ್. ಜೋನ್’ (ಜರ್ಮನಿಯಲ್ಲಿ ಅಮೆರಿಕದ ಹಿಡಿತದಲ್ಲಿದ್ದ ವಲಯ) ಎಂದಿದ್ದರೆ ಯುದ್ಧ ಮುಗಿದ 1945ರಿಂದ ಆ ನಾಲ್ಕೈದು ವರ್ಷಗಳದ್ದು. ‘ಜೆಕೊಸ್ಲೊವಾಕಿಯಾ’ ಎಂದರೆ 1918ರ ನಂತರ, 1992ರ ಕೊನೆಯೊಳಗೆ. ಬ್ರಿಟಿಷ್ ಪಿಂಗಾಣಿಯಲ್ಲಿ ‘ಇಂಗ್ಲೆಂಡ್’ ಎಂಬ ಮಾತು ವಾಡಿಕೆಗೆ ಬಂದದ್ದು 1891ರಿಂದ: ಆಮದಾಗುವ ಸಾಮಾನಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ ಕಾನೂನು ಮಾಡಿದ್ದರ ಫಲ. ‘ಮೇಡ್ ಇನ್ ಇಂಗ್ಲೆಂಡ್’ ಕಂಡರೆ ಇಪ್ಪತ್ತನೇ ಶತಮಾನ ಎಂದುಕೊಳ್ಳಿ. ‘ಡಿಶ್‌ವಾಷರ್ ಸೇಫ್’ ಎಂದು ಬರೆದ ತಟ್ಟೆಯನ್ನು ವಿಕ್ಟೋರಿಯಾ ರಾಣಿಯ ಕಾಲದ್ದೆಂದು ಮಾರುವವರೂ ಇದ್ದಾರೆ.

ಜರ್ಮನ್ ಹೂದಾನಿಯ ಬುಡದಲ್ಲಿ 517-30 ಎಂಬಂಥ ಅಂಕಿ ಕಂಡರೆ ಮೊದಲ ಭಾಗ ಆಕಾರದ ಸಂಖ್ಯೆ, ಎರಡನೆಯದು ಸೆಂಟಿಮೀಟರಿನಲ್ಲಿ ಎತ್ತರ. ಕಾರ್ಖಾನೆಯ ಹೆಸರೇ ಇಲ್ಲದಿದ್ದರೂ ಆ ಅಂಕಿ ಹಿಡಿದು ಹುಡುಕಿದರೆ ಬಹಳ ಸಲ ಉತ್ತರ ಸಿಗುತ್ತದೆ.

ರಾಯಲ್ ಕೋಪನ್‌ಹೇಗನ್‌ದು ಮೂರು ನೀಲಿ ಅಲೆಗಳು, ಡೆನ್ಮಾರ್ಕಿನ ಮೂರು ಜಲಸಂಧಿಗಳ ಗುರುತು. 1935ರಿಂದ ಹಸಿರು ಮುದ್ರೆಯ ಅಕ್ಷರಗಳಲ್ಲಿ ಒಂದರ ಮೇಲೋ ಕೆಳಗೋ ಸಣ್ಣ ಗೆರೆ ಹಾಕುತ್ತಾ ಬಂದರು. ಗೆರೆ ಯಾವ ಅಕ್ಷರಕ್ಕಿದೆ ಎಂಬುದರಿಂದ ವರ್ಷ ತಿಳಿಯುತ್ತದೆ. ಅಲೆಗಳಿಗೆ ಅಡ್ಡಲಾಗಿ ಗೀರಿದ್ದರೆ ಅದು ಕಾರ್ಖಾನೆಯೇ ಎರಡನೇ ದರ್ಜೆ ಎಂದು ಬದಿಗಿಟ್ಟ ವಸ್ತು. ಮೈಸೆನ್ ಕತ್ತಿಗಳ ಮೇಲಿನ ಗೀರಿಗೂ ಇಂಥದೇ ಅರ್ಥ. ಹಾಲೆಂಡಿನ ರಾಯಲ್ ಡೆಲ್ಫ್ಟ್ 1879ರಿಂದ ವರ್ಷಕ್ಕೊಂದು ಅಕ್ಷರಸಂಕೇತ ಹಾಕಿದೆ. ಅದು ಇಲ್ಲದೆ ಬರೀ ‘ಡೆಲ್ಫ್ಟ್’ ಎಂದಷ್ಟೇ ಇರುವ ನೀಲಿ ಸಾಮಾನು ಬಹುಮಟ್ಟಿಗೆ ಪ್ರವಾಸಿಗರಿಗೆ ಮಾಡಿದ್ದು. ಭೂತಗನ್ನಡಿ ಹಿಡಿದಾಗ ಚಿತ್ರ ಚುಕ್ಕಿಚುಕ್ಕಿಯಾಗಿ ಒಡೆದರೆ ಅದು ಅಚ್ಚು ಹಾಕಿದ್ದು. ಕೈಯಿಂದ ಬಿಡಿಸಿದ್ದರಲ್ಲಿ ಕುಂಚದ ಎಳೆ, ಬಣ್ಣ ದಟ್ಟವಾದ ಕಡೆ, ತೆಳುವಾದ ಕಡೆ ಕಾಣುತ್ತವೆ.

ಕಾಗುಣಿತವನ್ನೂ ನೋಡಿ. ಜೋಸಯ್ಯ ವೆಜ್‌ವುಡ್ 1759ರಲ್ಲಿ ಶುರುಮಾಡಿದ ಕಾರ್ಖಾನೆಯ ಹೆಸರಿನಲ್ಲಿ ‘ಡಿ’, ‘ಜಿ’ಗಳ ನಂತರ ‘ಇ’ ಅಕ್ಷರ ಬರುವುದಿಲ್ಲ. ಬಂದಿದ್ದರೆ ಅದು ಬೇರೆಯವರ ಮಾಲು.

ಗಾಜಿನ ಬುಡ ಓದುವ ರೀತಿ ಬೇರೆ. ಊದಿ ಮಾಡಿದ ಗಾಜನ್ನು ಕೆಲಸದ ಕೊನೆಯಲ್ಲಿ ಒಂದು ಸಲಾಕೆಗೆ ಅಂಟಿಸಿ ಹಿಡಿದು, ಬಾಯಿ ತಿದ್ದಿ, ಆಮೇಲೆ ಕಿತ್ತು ತೆಗೆಯುತ್ತಾರೆ. ಆ ಕಿತ್ತ ಗಾಯ ಬುಡದ ನಡುವೆ ಒರಟಾಗಿ ಉಳಿದಿರುತ್ತದೆ, ಇಲ್ಲವೇ ಉಜ್ಜಿ ನುಣುಪಾದ ಗುಂಡು ಕುಳಿಯಾಗಿರುತ್ತದೆ. ಅಚ್ಚಿನಲ್ಲಿ ಒತ್ತಿದ್ದಕ್ಕೆ ಆ ಗಾಯವಿಲ್ಲ, ಬದಲಿಗೆ ಮೈಮೇಲೆ ಅಚ್ಚಿನ ಹೋಳುಗಳು ಕೂಡಿದ ಗೆರೆ ಇರುತ್ತದೆ. ಎರಡೂ ಗೌರವದ ಕೆಲಸವೇ. ಒತ್ತಿದ್ದನ್ನು ಊದಿದ್ದರ ಬೆಲೆಗೆ ಕೊಳ್ಳಬಾರದು, ಅಷ್ಟೇ.

ನಂತರ ಸವೆತ. ಐವತ್ತು ವರ್ಷ ಕಪಾಟಿನ ಮೇಲೆ ಕೂತು ಎದ್ದ ವಸ್ತುವಿನ ಬುಡದಲ್ಲಿ, ಹಲಗೆಗೆ ತಾಗುವ ಉಂಗುರದಲ್ಲಿ ಮಾತ್ರ, ದಿಕ್ಕಿಲ್ಲದ ನವಿರು ಗೀರುಗಳು ಇರುತ್ತವೆ. ತಾಗದ ಕಡೆಯೂ ಗೀರಿದ್ದರೆ, ಎಲ್ಲ ಗೀರುಗಳೂ ಒಂದೇ ದಿಕ್ಕಿಗೆ ಹೋಗಿದ್ದರೆ, ಉಪ್ಪುಕಾಗದ ತನ್ನ ಕೆಲಸ ಮಾಡಿದೆ.

ಚೀಟಿ ಇದ್ದ ಮಾತ್ರಕ್ಕೆ ಹಳೆಯದಲ್ಲ. ತಿಮೊ ಸಾರ್ಪನೇವ 1956ರಲ್ಲಿ ರೂಪಿಸಿದ ಈಟ್ಟಾಲಾದ ಕೆಂಪು ಗುಂಡು ಚೀಟಿ 2024ರವರೆಗೂ ಬಳಕೆಯಲ್ಲಿತ್ತು. ಅಲ್ವಾರ್ ಆಲ್ಟೊ 1936ರಲ್ಲಿ ವಿನ್ಯಾಸ ಮಾಡಿದ ಅಲೆಯಾಕಾರದ ಹೂದಾನಿ ಇವತ್ತಿಗೂ ಅಂಗಡಿಯಲ್ಲಿ ಹೊಸದಾಗಿಯೇ ಸಿಗುತ್ತದೆ. ವಿನ್ಯಾಸದ ಇಸವಿ ಒಂದು, ತಯಾರಾದ ಇಸವಿ ಇನ್ನೊಂದು. ಜಾಹೀರಾತುಗಳು ಎಷ್ಟೋ ಸಲ ಮೊದಲನೆಯದನ್ನು ಮಾತ್ರ ಬರೆಯುತ್ತವೆ.

ಹೆಜ್ಜೆ 4: ಏಬು ಹುಡುಕಿ

ಕಾರ್ಖಾನೆಯಲ್ಲಿ ರಾಶಿಯಾಗಿ ತಯಾರಾದ ವಸ್ತುಗಳಲ್ಲಿ ಏಬಿರುವುದನ್ನು ಕೊಳ್ಳಲು ಕಾರಣವೇ ಇಲ್ಲ. ಮುಂದಿನ ತಿಂಗಳು ಚೆನ್ನಾಗಿರುವುದು ಸಿಕ್ಕೇ ಸಿಗುತ್ತದೆ.

ಕಣ್ಣು ಮುಚ್ಚಿ ಬಾಯಂಚಿನ ಸುತ್ತ ಉಗುರು ಓಡಿಸಿ. ಕಣ್ಣಿಗೆ ಕಾಣದ ಚಕ್ಕೆ ಉಗುರಿಗೆ ಸಿಗುತ್ತದೆ. ಅಂಚು ಅಸಹಜವಾಗಿ ಚಪ್ಪಟೆ, ಚೂಪು ಎನಿಸಿದರೆ ಟೇಪು ತೆಗೆದು ಎತ್ತರ ಅಳೆಯಿರಿ. ಚಕ್ಕೆ ಎದ್ದ ಬಾಯಿಯನ್ನು ಉಜ್ಜಿ ಸಮ ಮಾಡಿದ್ದರೆ ಕಾರ್ಖಾನೆಯ ಪಟ್ಟಿಯಲ್ಲಿರುವ ಎತ್ತರಕ್ಕಿಂತ ಕಡಿಮೆ ಬರುತ್ತದೆ.

ಸೆರಾಮಿಕ್ ಆದರೆ ಮಡಕೆ ಕೊಳ್ಳುವಾಗ ನಮ್ಮಲ್ಲಿ ಬಡಿದು ನೋಡುವ ಹಾಗೆಯೇ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಬಿರುಕಿಲ್ಲದ ಪಿಂಗಾಣಿ ಟಣ್ಣೆನ್ನುತ್ತದೆ, ಕೂದಲೆಳೆಯ ಬಿರುಕಿದ್ದರೂ ದನಿ ಸತ್ತಿರುತ್ತದೆ. ದಪ್ಪ ಮಣ್ಣಿನ ಹೂದಾನಿಗೆ ಈ ಪರೀಕ್ಷೆ ಅಷ್ಟು ನೆಚ್ಚಲಾಗದು, ಅದಕ್ಕೆ ಒಳಗಡೆ ಫೋನಿನ ಬೆಳಕು ಬಿಟ್ಟು ನೋಡಿ. ಮೆರುಗಿನ ಮೇಲೆ ಮಾತ್ರ ಹರಡಿದ ನವಿರಾದ ಬಲೆಯಂಥ ಸೀಳುಗಳು ಹಳೆಯ ಮಣ್ಣಿನ ಸಾಮಾನಿನಲ್ಲಿ ಸಾಮಾನ್ಯ. ಕಂದು ಕಲೆ ಇಳಿದಿಲ್ಲದಿದ್ದರೆ ನಾನು ಅದನ್ನು ಏಬೆಂದು ಎಣಿಸುವುದಿಲ್ಲ. ಮೆರುಗು ತಪ್ಪಿದ ಚುಕ್ಕೆ, ಗೂಡಿನಲ್ಲಿ ಪಕ್ಕದ್ದಕ್ಕೆ ತಾಗಿದ ಗುರುತು ಇವೂ ಹುಟ್ಟಿನಿಂದ ಬಂದವು.

ತೇಪೆ ಹಿಡಿಯಲು ಯುವಿ ಟಾರ್ಚು ಬೇಕು. ಮುರಿದದ್ದನ್ನು ಅಂಟಿಸಿ ಮೇಲೆ ಬಣ್ಣ ಹಚ್ಚಿದ್ದರೆ ಆ ಜಾಗ ಸುತ್ತಲಿನದಕ್ಕಿಂತ ಬೇರೆಯಾಗಿ ಹೊಳೆಯುತ್ತದೆ. ಅದೇ ಟಾರ್ಚಿಗೆ ಕೆಲವು ಹಳದಿ-ಹಸಿರು ಗಾಜುಗಳು ಕಣ್ಣು ಕುಕ್ಕುವ ಹಸಿರಾಗಿ ಉರಿಯುತ್ತವೆ. ಅವು ಬೊಹೀಮಿಯಾದಲ್ಲಿ 1830ರ ದಶಕದಿಂದ ಹೆಸರಾದ ಯುರೇನಿಯಂ ಗಾಜು. ಶೋಕೇಸಿನಲ್ಲಿಡಲು ಭಯವಿಲ್ಲ, ಊಟಕ್ಕೆ ಬೇಡ.

ಗಾಜಿನ ಹೂದಾನಿಯ ಒಳಗಿನ ಬಿಳಿ ಮಂಕು ಹೊಸಬರನ್ನು ಹೆಚ್ಚು ಮೋಸಗೊಳಿಸುತ್ತದೆ. ಅದು ಗಡಸು ನೀರಿನ ಸುಣ್ಣವಾಗಿದ್ದರೆ ಹೋಗುತ್ತದೆ. ನೀರು ವರ್ಷಗಟ್ಟಲೆ ನಿಂತು ಗಾಜನ್ನೇ ತಿಂದಿದ್ದರೆ ಮನೆಯ ಯಾವ ಉಪಾಯಕ್ಕೂ ಹೋಗದು. ಒದ್ದೆ ಮಾಡಿದಾಗ ಎರಡೂ ಮಾಯವಾಗುತ್ತವೆ, ಎಣ್ಣೆ ಸವರಿದರೂ ಅಷ್ಟೇ. ಆದ್ದರಿಂದ ಒಳಗೆ ಜಿಡ್ಡು ಅಥವಾ ತೇವ ಇದ್ದರೆ ಒರೆಸಿ, ಒಣಗಿದ ಮೇಲೆ ನೋಡಿ.

ಹೆಜ್ಜೆ 5: ಬೆಲೆ

ಅಂತರ್ಜಾಲದಲ್ಲಿ ಕಾಣುವ ಬೆಲೆ ಮಾರುವವರ ಆಸೆ. ಇಬೇಯಲ್ಲಿ ‘ಮಾರಾಟವಾದವು’ ಎಂದು ಸೋಸಿ ನೋಡಿದರೆ ಜನ ನಿಜವಾಗಿ ಕೊಟ್ಟದ್ದು ತಿಳಿಯುತ್ತದೆ. ಹರಾಜಿನಲ್ಲಿ ಸುತ್ತಿಗೆ ಬಿದ್ದ ಮೊತ್ತದ ಮೇಲೆ ಕೊಳ್ಳುವವರ ಕಮಿಷನ್ ಶೇ. 20ರಿಂದ 30ರಷ್ಟು ಸೇರುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿ ಮಿತಿ ಇಟ್ಟುಕೊಳ್ಳಿ.

ಚೌಕಾಸಿಗೆ ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಜರ್ಮನಿಯಲ್ಲಿ ‘ಕೊನೇ ಬೆಲೆ ಎಷ್ಟು’ ಎಂದು ಮೊದಲ ಮಾತಿಗೇ ಕೇಳುವುದು ಗೇಲಿಗೆ ಗುರಿಯಾಗಿರುವ ನಡತೆ. ನಮಸ್ಕಾರ ಹೇಳಿ, ವಸ್ತುವನ್ನು ಮೆಚ್ಚಿ, ಎರಡು ಒಟ್ಟಿಗೆ ತೆಗೆದುಕೊಂಡರೆ ಸ್ವಲ್ಪ ನೋಡಿ ಹೇಳುತ್ತೀರಾ ಎಂದು ಕೇಳಿ. ಚಿಕ್ಕಪೇಟೆಯಲ್ಲಿ ಸೀರೆಗೆ ಅರ್ಧ ಬೆಲೆಯಿಂದ ಶುರುಮಾಡುವ ಅಭ್ಯಾಸ ಅಲ್ಲಿ ನಡೆಯದು. ಒಳ್ಳೆಯ ವಸ್ತು ಬೆಳಗಿನ ಜಾವ, ಅಗ್ಗದ ಬೆಲೆ ಅಂಗಡಿ ಎತ್ತುವ ಹೊತ್ತಿಗೆ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಬುಡದ, ಬಾಯಂಚಿನ, ಬೆಳಕಿಗೆ ಹಿಡಿದ ಫೋಟೊ ಕೇಳಿ. ಕೊಡದವರ ಹತ್ತಿರ ಕೊಳ್ಳಬೇಡಿ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ಕಳಿಸಲು ಹೇಳಿ, ಅದಕ್ಕೆ ನಾಲ್ಕು ಯೂರೊ ಹೆಚ್ಚಾದರೂ ಕೊಡಿ.

ಹೆಜ್ಜೆ 6: ಊರಿಗೆ ತರುವುದು, ಇಡುವುದು

ಸೂಟ್‌ಕೇಸಿನಲ್ಲಿ ದಪ್ಪ ಅಚ್ಚುಗಾಜು ಬದುಕುತ್ತದೆ, ತೆಳು ಊದುಗಾಜು ಕೈಚೀಲದಲ್ಲಿ ಬರಲಿ. ಹೂದಾನಿಯ ಹೊಟ್ಟೆಗೆ ಕಾಲುಚೀಲ ತುಂಬಿ, ಸುತ್ತ ಸ್ವೆಟರ್ ಸುತ್ತಿ, ಪೆಟ್ಟಿಗೆಯ ಗೋಡೆಗೆ ತಾಗದಂತೆ ನಟ್ಟನಡುವೆ ಇಡಿ. ರಸೀದಿಗಳು ಕೈಗೆ ಸಿಗುವಂತಿರಲಿ, ಕಸ್ಟಮ್ಸ್‌ನವರು ಕೇಳಿದರೆ ಬಾಯಿಮಾತು ನಡೆಯದು. ಚಳಿಗಾಲದಲ್ಲಿ ತಂದದ್ದನ್ನು ಕೂಡಲೇ ಬಿಸಿನೀರಿಗೆ ಹಾಕಬೇಡಿ, ತಣ್ಣಗಿನ ಗಾಜು ಸೀಳಿಬಿಡುತ್ತದೆ.

ತೊಳೆಯಲು ಪ್ಲಾಸ್ಟಿಕ್ ಟಬ್ಬು, ತಳಕ್ಕೆ ಟವೆಲು, ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು ಸಾಕು. ಸುಣ್ಣದ ಕಲೆಗೆ ಅಡುಗೆಮನೆಯ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ ರಾತ್ರಿಯಿಡೀ ಬಿಡಿ. ಚಿನ್ನದ ಗೆರೆ ಇರುವುದಕ್ಕೆ ಇದು ಬೇಡ, ಒರಟು ಬ್ರಶ್ಶೂ ಬೇಡ. ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತಿಕ್ಕುವ ಕೈಗಳು ಮನೆಯಲ್ಲಿದ್ದರೆ ಮೊದಲೇ ಹೇಳಿಡಿ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ತೊಳೆದದ್ದನ್ನು ಹಾಗೇ ಆರಲು ಬಿಟ್ಟರೆ ಬಿಳಿ ಮಚ್ಚೆ ಬೀಳುತ್ತದೆ, ಕೂಡಲೇ ಒರೆಸಿ.

ಶೇ. 24 ಅಥವಾ ಅದಕ್ಕಿಂತ ಹೆಚ್ಚು ಸೀಸದ ಆಕ್ಸೈಡ್ ಇರುವ ಗಾಜಿಗೆ ಯುರೋಪಿನಲ್ಲಿ ಲೆಡ್ ಕ್ರಿಸ್ಟಲ್ ಎನ್ನುತ್ತಾರೆ. ಅದರಲ್ಲಿ ಉಪ್ಪಿನಕಾಯಿ, ಪಾನಕ, ವೈನ್ ಇಡಬೇಡಿ, ಹುಳಿಗೆ ಸೀಸ ಬಿಡುತ್ತದೆ. 1970ರ ದಶಕದ ಕೆಂಪು-ಕಿತ್ತಳೆ ಮೆರುಗಿನ ಬಟ್ಟಲುಗಳೂ ನೋಡಲಷ್ಟೇ ಇರಲಿ. ಇನ್ನು ದಪ್ಪನೆಯ ತಿಳಿಗಾಜನ್ನು ಕಿಟಕಿಯ ಬಿಸಿಲಿಗಿಡುವುದು ಅಪಾಯ: ಮಸೂರದ ಕೆಲಸ ಮಾಡಿ ಪರದೆ ಸುಟ್ಟೀತು.

ಪ್ರತಿಯೊಂದಕ್ಕೂ ಕೊಂಡ ದಿನ, ಜಾಗ, ಬೆಲೆ, ಅಳತೆ, ಬುಡದ ಫೋಟೊ ದಾಖಲಿಸಿ.

ಭಾರತದಲ್ಲೇ ಹುಡುಕುವವರಿಗೆ

ಮುಂಬೈಯ ಚೋರ್ ಬಜಾರ್, ಕೊಚ್ಚಿಯ ಮಟ್ಟಾಂಚೇರಿ, ತಮಿಳುನಾಡಿನ ಕಾರೈಕುಡಿ ಈ ವ್ಯಾಪಾರದ ಹಳೆಯ ಠಾಣೆಗಳು. ಇಲ್ಲಿ ಪ್ರತಿ ಕನ್ನಡಿಯೂ, ಪ್ರತಿ ತೂಗುದೀಪವೂ ‘ಬೆಲ್ಜಿಯಂ ಗ್ಲಾಸ್’. ಪುರಾವೆ ಕೇಳಿದರೆ ನಗು ಬರುತ್ತದೆ, ಕಾಗದ ಬರುವುದಿಲ್ಲ. ಕಾಮನಬಿಲ್ಲಿನ ಹೊಳಪಿರುವ ಕಿತ್ತಳೆ ಅಚ್ಚುಗಾಜಿನ ಹೂದಾನಿ ಸಿಕ್ಕರೆ ಬುಡವನ್ನು ಬೆಳಕಿಗೆ ಹಿಡಿಯಿರಿ. ‘ಜೈನ್’ ಎಂಬ ಇಂಗ್ಲಿಷ್ ಅಕ್ಷರಗಳು ಉಬ್ಬಿದ್ದರೆ ಅದು ಯುರೋಪಿನದಲ್ಲ, ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್‌ನದು. ಬೇಸರಪಟ್ಟು ಕೆಳಗಿಡಬೇಡಿ. ಬ್ರಿಟನ್, ಆಸ್ಟ್ರೇಲಿಯಾದ ಸಂಗ್ರಾಹಕರು ಅದನ್ನು ಹುಡುಕಿಕೊಂಡು ಬರುತ್ತಾರೆ.

ಅಜ್ಜನ ಮನೆಯ ಹಳೆಯ ದೀಪವನ್ನೋ ಜಾಡಿಯನ್ನೋ ವಿದೇಶದ ನಿಮ್ಮ ಮನೆಗೆ ಒಯ್ಯುವ ಯೋಚನೆ ಇದ್ದರೆ 1972ರ ಪುರಾತನ ವಸ್ತು ಕಾಯ್ದೆಯನ್ನು ನೆನಪಿಡಿ. ನೂರು ವರ್ಷ ಮೀರಿದ ಕರಕುಶಲ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಅಷ್ಟು ಹಳೆಯದಲ್ಲ ಎನಿಸಿದರೆ, ಇದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಹೊರಡುವ ಮೊದಲೇ ಪಡೆಯಿರಿ. ವಿಮಾನ ನಿಲ್ದಾಣದಲ್ಲಿ ನಿಂತು ವಾದಿಸಿ ಫಲವಿಲ್ಲ.